ಅಡುಗೆಯವರ ನೀಲಿ ಶರ್ಟು

2023ರಲ್ಲಿ ನಾನು ಮಳವಳ್ಳಿಯಲ್ಲಿ ಚರ್ಮರೋಗದ ವೈದ್ಯೆಯಾಗಿದ್ದೆ. ಮಂಡ್ಯದ ಗುತ್ತಲಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತುರಿಕೆ ಅಂದರೆ ಮುಲಾಮು ಬರೆದು ಕಳಿಸುವುದಷ್ಟೇ ನಮ್ಮ ಕೆಲಸ ಎಂದು ಜನ ತಿಳಿಯುತ್ತಾರೆ. ನನಗೋ ಅದು ಎಲ್ಲಿಂದ ಬಂತು ಎಂದು ಕೆದಕುವ ಚಟ.

ಆ ಮಾರ್ಚ್‌ನಲ್ಲಿ ಪೂರಿಗಾಲಿ ಕಡೆಯ ಒಂದು ಹಳ್ಳಿಯಿಂದ ಭಾಗ್ಯಮ್ಮ ಬಂದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಕತ್ತು, ಕಂಕುಳು, ಮೊಣಕೈಯ ಒಳಮಡಿಕೆಯೆಲ್ಲ ಕೆಂಪು ಗಂದೆ. ಮಕ್ಕಳಿಗೂ ಅಂಟುತ್ತದೆಂದು ಕೆಲವು ತಾಯಂದಿರು ಗಲಾಟೆ ಮಾಡಿದ್ದರು. ಸೋಮವಾರದೊಳಗೆ ಡಾಕ್ಟರ ಮಾತು ಬಾರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆಂದು ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರು.

“ಅಂಟೋ ಕಾಯ್ಲೆ ಅಲ್ಲ ಅಂತ ಒಂದ್ ಮಾತು ಯೇಳ್ಬುಡಿ ಮೇಡಂ. ಆ ಒಲೆ ಬುಟ್ರೆ ನಂಗೆ ಬೇರೆ ಕೆಲ್ಸ ಇಲ್ಲ,” ಅಂದರು.

ಹಾಗೆಲ್ಲ ಬಾಯಿಗೆ ಬಂದಂತೆ ಹೇಳಲಾದೀತೇ? ಮೊದಲು ಸ್ಕ್ರೇಪಿಂಗ್ ಮಾಡಿದೆ, ಅಂದರೆ ಚರ್ಮದ ಹೊಟ್ಟನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಫಂಗಸ್ ಕಾಣಲಿಲ್ಲ, ಕಜ್ಜಿಯ ಗುರುತೂ ಇಲ್ಲ. ಸೋಪಿನಿಂದಲೋ ಮಸಾಲೆಯಿಂದಲೋ ಆಗಿದ್ದರೆ ಮೊದಲು ಅಂಗೈ ಕೆಡಬೇಕಿತ್ತು. ಅಂಗೈ ಚೊಕ್ಕವಾಗಿತ್ತು. ಮತ್ತೇನಪ್ಪ ಇದು ಎಂದು ಯೋಚಿಸುತ್ತಾ ಅವರ ಸೀರೆ ನೋಡಿದೆ: ಇಸ್ತ್ರಿ ಮಾಡಿದ ಹತ್ತಿ ಸೀರೆ. ಆಗ ಹೊಳೆಯಿತು. ನಮ್ಮ ಕಡೆ ಡಾಕ್ಟರ ಹತ್ತಿರ ಬರುವಾಗ ಎಲ್ಲರೂ ಪೆಟ್ಟಿಗೆಯಿಂದ ಒಳ್ಳೆ ಬಟ್ಟೆ ತೆಗೆದು ಹಾಕಿಕೊಳ್ಳುತ್ತಾರೆ. ದಿನಾ ಮೈಮೇಲಿರುವುದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ನಾಳೆ ಅಡುಗೆ ಮುಗಿಸಿ ಹಾಗೇ ಬನ್ನಿ ಅಂದೆ.

ಮಾರನೆಯ ದಿನ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ಇತ್ತು. ಕಡುನೀಲಿ, ಫಳಫಳ ಪಾಲಿಯೆಸ್ಟರ್. ಕಬ್ಬಿನ ಗರಿ ಕುಯ್ಯದಿರಲೆಂದು ಹೆಂಗಸರು ಗಂಡನ ಹಳೆ ಶರ್ಟು ತೊಡುವುದು ಇಲ್ಲಿ ಮಾಮೂಲು; ಇವರು ಒಗ್ಗರಣೆ ಸಿಡಿಯುತ್ತದೆಂದು ಒಲೆ ಮುಂದೆಯೂ ತೊಡುತ್ತಿದ್ದರು. ಆದರೆ ಇದರ ಕಾಲರು ಸವೆದೇ ಇರಲಿಲ್ಲ. ಹೊಸ ಶರ್ಟನ್ನು ಯಜಮಾನರು ಯಾಕೆ ಬಿಟ್ಟುಕೊಟ್ಟರು ಎಂದು ಕೇಳಿದೆ.

“ಮದ್ವೇಲಿ ಮುಯ್ಯಿಗೆ ಬಂದಿದ್ ಬಟ್ಟೆ ಕಣಿ ಮೇಡಂ. ಅವ್ರು ಒಂದಿನ ಆಕ್ಕೊಂಡ್ರು. ಸೆಕೆ, ಮೈ ಕಡೀತದೆ ಅಂತ ನಂಗೆ ಕೊಟ್ರು.”

ನನಗೆ ನಗುವೂ ಬಂತು, ಮೈಯೂ ಉರಿಯಿತು. ಆದರೂ ಅನುಮಾನ ರುಜುವಾತಲ್ಲ. ಶರ್ಟಿನ ಒಂದು ಚೂರು, ಬಣ್ಣವಿಲ್ಲದ ಹಳೆ ಹತ್ತಿ ಪಂಚೆಯ ಒಂದು ಚೂರು ನೆನೆಸಿ ಬೆನ್ನಿಗೆ ಅಂಟಿಸಿದೆ. ಇದಕ್ಕೆ ಪ್ಯಾಚ್ ಟೆಸ್ಟ್ ಅನ್ನುತ್ತೇವೆ. ಎರಡು ದಿನ ಬಿಟ್ಟು ತೆಗೆದಾಗ ನೀಲಿ ಚೂರಿನ ಜಾಗ ಕೆಂಪಗೆ ಉಬ್ಬಿತ್ತು, ಪಂಚೆ ಚೂರಿನ ಜಾಗದಲ್ಲಿ ಏನೂ ಇರಲಿಲ್ಲ. ಬೆವರಿಗೆ ಬಿಟ್ಟ ಬಣ್ಣದ ಅಲರ್ಜಿ, ಕಾಂಟ್ಯಾಕ್ಟ್ ಡರ್ಮಟೈಟಿಸ್. ಯಾರಿಗೂ ಅಂಟುವುದಿಲ್ಲ.

ಹತ್ತಿ ಬಟ್ಟೆಯನ್ನೇ ಹಾಕಿಕೊಳ್ಳಿ ಅಂದೆ. ಅದು ಬೆವರು ಹೀರುತ್ತದೆ, ಮೈಗೆ ಗಾಳಿ ಬಿಡುತ್ತದೆ. ಕಿಡಿ ಬಿದ್ದರೆ ಹತ್ತಿಯೂ ಉರಿಯುತ್ತದೆ, ಆದರೆ ಪಾಲಿಯೆಸ್ಟರ್‌ನಂತೆ ಕರಗಿ ಚರ್ಮಕ್ಕೆ ಕಚ್ಚಿಕೊಳ್ಳುವುದಿಲ್ಲ. ಬೇಗ ಒಣಗುವುದಿಲ್ಲ, ಸುಕ್ಕಾಗುತ್ತದೆ ಎಂದು ಭಾಗ್ಯಮ್ಮ ದೂರಿದರು. ನಿಜವೇ. ಅಡುಗೆ ಮನೆಯಲ್ಲಿ ಸುಕ್ಕು ನೋಡುವವರು ಯಾರು ಎಂದೆ.

ಹೆಡ್‌ಮಾಸ್ಟರಿಗೆ ಫೋನು ಮಾಡಿದರೆ, ತಾಯಂದಿರು ನಂಬಬೇಕಲ್ಲ ಎಂದು ರಾಗ ಎಳೆದರು. ಹಾಗಾದರೆ ಸೋಮವಾರ ನಾನೇ ಬಂದು ಉಣ್ಣುತ್ತೇನೆ ಅಂದೆ. ಹೋದೆ. ಮಕ್ಕಳ ಸಾಲಿನಲ್ಲಿ ಕೂತೆ. ಬಾಗಿಲಲ್ಲಿ ತಾಯಂದಿರು ನಿಂತಿದ್ದರು. ಭಾಗ್ಯಮ್ಮ ನನ್ನ ತಟ್ಟೆಗೂ ಬಡಿಸಿದರು. ನಾನು ಅನ್ನ ಸಾರು ಉಂಡು ಇನ್ನೊಂದು ಸೌಟು ಕೇಳಿದೆ. ಗಲಾಟೆ ಅಲ್ಲಿಗೆ ನಿಂತಿತು, ಒಲೆ ಭಾಗ್ಯಮ್ಮನಿಗೇ ಉಳಿಯಿತು.

ಹೊರಡುವಾಗ ಅವರ ಗಂಡ ಗೇಟಿನ ಬಳಿ ಸಿಕ್ಕರು. ನಿಮ್ಮ ಮೈ ಕಡಿದದ್ದು ಅವರ ಮೈ ಕಡಿಯುವುದಿಲ್ಲವೇ ಎಂದು ಕೇಳಿಯೇಬಿಟ್ಟೆ. ಪಾಪ, ಒರಟು ಮನುಷ್ಯನೇನಲ್ಲ. ತಲೆ ಕೆರೆದುಕೊಂಡು, “ಅವ್ಳು ಒಂದಿನಾನೂ ಯೇಳ್ನೇ ಇಲ್ವಲ್ಲ ಮೇಡಂ” ಅಂದರು.

ಅಲ್ಲಿಂದ ನಿವೃತ್ತಿಯವರೆಗೆ, ಗಂದೆ ಎಂದು ಬಂದ ಪ್ರತಿ ಹೆಂಗಸಿಗೂ ಮುಲಾಮು ಬರೆಯುವ ಮೊದಲು ಒಂದು ಮಾತು ಕೇಳುತ್ತಿದ್ದೆ: ದಿನಾ ಹಾಕುವ ಬಟ್ಟೆ ನಿಮಗೇ ಅಂತ ತಂದದ್ದೋ? ತಟ್ಟನೆ ಹೌದು ಅಂದವರು ಕಡಿಮೆ.