ಕುರ್ಚಿಯ ಭಾಷೆ

ಒಂದು ಕಡೆ ಕೂತು ನನಗೆ ಅಭ್ಯಾಸವಿಲ್ಲ. ತುರುವೇಕೆರೆ ಕಡೆಯಿಂದ ಹುಳಿಯಾರಿನ ಬಳಿಯ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲೇ ನಮ್ಮತ್ತೆ, "ಇವಳ ಕಾಲಿಗೆ ಚಕ್ರ ಕಟ್ಟಿ ಕಳ್ಸವ್ರೆ ಕಣ್ರೀ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಂಥವಳನ್ನು ಗ್ರಾಮ ಪಂಚಾಯಿತಿಗೆ ಆರಿಸಿ ಕಳಿಸಿದರೆ ಏನಾಗುತ್ತದೆ? ಸಭೆ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಮೇಜಿನ ಕೆಳಗೆ ನನ್ನ ಕಾಲು ತಾನೇ ಕುಣಿಯತೊಡಗುತ್ತದೆ. ಪಕ್ಕದಲ್ಲಿ ಕೂರುವ ಅಧ್ಯಕ್ಷೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಅಕ್ಕ, ಮೇಜು ನಡುಗ್ತದೆ" ಎಂದು ಮೆಲ್ಲಗೆ ಅನ್ನುತ್ತಿದ್ದಳು. ಆ ಕೈಯ ಭಾರಕ್ಕೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದೆ.

ಅಧ್ಯಕ್ಷೆ ತಾಂಡಾದವಳು. ನನಗಿಂತ ಚಿಕ್ಕವಳು, ನನಗಿಂತ ಗಟ್ಟಿ. ತೆಂಗಿನ ತೋಟಗಳು ಮುಗಿದು ಬೆದ್ದಲು ಶುರುವಾಗುವ ಕಡೆ ಅವರ ತಾಂಡಾ ಇದೆ. ಅಲ್ಲಿ ಮನೆಮಾತು ಲಂಬಾಣಿ. ಶಾಲೆ, ಬಸ್ಸು, ಅಂಗಡಿ ಎಲ್ಲ ಕನ್ನಡ. ನಡುವಯಸ್ಸಿನವರಿಗೆ ಎರಡೂ ಬರುತ್ತವೆ. ಮುದುಕಿಯರಲ್ಲಿ ಕೆಲವರಿಗೆ ಮಾತ್ರ ಕನ್ನಡ ಅಂದರೆ ಕೆಲಸಕ್ಕೆ ಬೇಕಾದ ನಾಲ್ಕು ಮಾತು, ಅಷ್ಟೇ.

ಮೀಸಲಾತಿ ಬಂದು ಅವಳು ಅಧ್ಯಕ್ಷೆಯಾಗುವುದು ಖಚಿತವಾದ ದಿನ ನಮ್ಮ ಹಿರಿಯ ಸದಸ್ಯರೊಬ್ಬರು ಮೇಜಿನ ಮೇಲಿದ್ದ ಪೇಪರನ್ನು ಅವಳ ಮುಂದೆ ತಳ್ಳಿ, "ಅದೇನೋ ಒಸಿ ಓದವ್ವ, ಕೇಳಾಣ" ಅಂದರು. ಕುರ್ಚಿಯಲ್ಲಿ ಕೂರುವವರಿಗೆ ಕನ್ನಡ ಓದಲು ಬರಲೇಬೇಕು ಎಂಬುದು ಅವರ ವಾದ. ಅಂಥ ನಿಯಮ ತಾವು ಕಂಡಿಲ್ಲ ಎಂದು ಪಿಡಿಒ ಸಾಹೇಬರು ಹೇಳುವಷ್ಟರಲ್ಲಿ ಅವಳು ಓದಲು ಶುರುಮಾಡಿದ್ದಳು. ಸುದ್ದಿ ಓದಿ, ಅದರ ಕೆಳಗಿದ್ದ ಸೈಟು ಮಾರಾಟದ ಜಾಹೀರಾತು ಓದಿ, ಅದರ ಪಕ್ಕದ ವಧುವರರ ಮಾಹಿತಿಗೂ ಕೈ ಹಾಕಿದಾಗ ಹಿರಿಯರೇ, "ಸಾಕು ಬುಡವ್ವ" ಎಂದರು. ನಾನು ನಕ್ಕೆ. ಆದರೆ ನಾನು ಸದಸ್ಯೆಯಾದಾಗ ಯಾರೂ ನನ್ನ ಮುಂದೆ ಪೇಪರ್ ತಳ್ಳಿರಲಿಲ್ಲ.

ಉಪಾಧ್ಯಕ್ಷರ ವಿಷಯ ಹೇಳಬೇಕು. ನಮ್ಮ ಪೈಕಿಯೇ, ದೊಡ್ಡ ಕೊಬ್ಬರಿ ವ್ಯಾಪಾರಸ್ಥರು. ತಿಪಟೂರಿಗೆ ಇವರ ಮಂಡಿಯಿಂದ ಲೋಡು ಹೋಗುತ್ತದೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವರು ಅವರೇ. ಎಲ್ಲರೂ ಅವರನ್ನು ಯಜಮಾನರು ಅನ್ನುತ್ತೇವೆ.

ನಮ್ಮ ಕಡೆ ಕಾಯಿ ಕಿತ್ತ ಮೇಲೆ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದ ಮೇಲೆ ಇಳಿಸಿ, ಸುಲಿದು, ಒಡೆಯಬೇಕು. ನಮ್ಮೂರಲ್ಲಿ ಒಡೆಯುವವರು ತಾಂಡಾದ ಹೆಂಗಸರು. ಬೆಳಕು ಹರಿದ ಕೂಡಲೇ ಅವರು ಮಂಡಿಯಲ್ಲಿ, ಹಿತ್ತಲುಗಳಲ್ಲಿ ಇರಬೇಕು. ಅವರಿಂದ ಕೆಲಸ ಮಾಡಿಸಿ ಮಾಡಿಸಿ ಊರಿನ ಕೊಬ್ಬರಿ ಮನೆಗಳವರಿಗೆಲ್ಲ ಲಂಬಾಣಿ ಸಲೀಸು. ನಮ್ಮತ್ತೆ ಹಿತ್ತಲಲ್ಲಿ ನಿಂತರೆ ಅದರಲ್ಲೇ ಬೈಯುತ್ತಾರೆ, ಅದರಲ್ಲೇ ನಗುತ್ತಾರೆ, ಬಾಣಂತಿಗೆ ಏನು ತಿನ್ನಿಸಬೇಕು ಎಂದು ಅದರಲ್ಲೇ ಹೇಳುತ್ತಾರೆ. ಹಿತ್ತಲ ಬಾಗಿಲು ದಾಟಿ ನಡುಮನೆಗೆ ಬಂದರೋ, ಲಂಬಾಣಿಯ ಒಂದು ಮಾತೂ ಇಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಅದು ಕೆಲ್ಸದ ಮಾತು ಕಣಮ್ಮ. ಒಳಗ್ಯಾಕೆ?" ಅಂದಿದ್ದರು.

ನಾನು ಮಾತ್ರ ಕಲಿಯಲಿಲ್ಲ. ಕೊಬ್ಬರಿ ಕೆಲಸ ಅತ್ತೆಯ ರಾಜ್ಯ, ನಾನು ಅದರೊಳಗೆ ಕಾಲಿಡುವಂತಿರಲಿಲ್ಲ.

ಜಗಳ ಹುಟ್ಟಿದ್ದು ಒಂದು ಮಾಸಿಕ ಸಭೆಯಲ್ಲಿ. ತಾಂಡಾದ ಒಬ್ಬ ಮುದುಕಿ ಬಾಗಿಲಲ್ಲಿ ನಿಂತು, ನಿಂತುಹೋದ ಪಿಂಚಣಿಯ ಬಗ್ಗೆ ಅಳುತ್ತ ಹೇಳಿಕೊಂಡಳು. ಅಧ್ಯಕ್ಷೆ ಕುರ್ಚಿಯಲ್ಲಿ ಕೂತೇ ಲಂಬಾಣಿಯಲ್ಲಿ ಸಮಾಧಾನ ಹೇಳಿ ಕಳಿಸಿದಳು. ಮುದುಕಿ ಅತ್ತ ಹೋದದ್ದೇ ತಡ, ಯಜಮಾನರು ಶುರುಮಾಡಿದರು. "ನೋಡು ತಾಯಿ, ಇದು ಪಂಚಾಯ್ತಿ. ಆಯಮ್ಮನಿಗೆ ನೀನು ಏನು ಮಾತು ಕೊಟ್ಟೆ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು? ಮನೇಲಿ ಏನಾರ ಆಡ್ಕೋ, ಬ್ಯಾಡ ಅನ್ನಲ್ಲ. ಕುರ್ಚಿ ಮ್ಯಾಲೆ ಕೂತಾಗ ಕನ್ನಡ. ಇನ್ನೊಂದ್ಸಲ ಹಿಂಗಾದ್ರೆ ನಾವೆಲ್ಲ ಅವಿಶ್ವಾಸಕ್ಕೆ ಸೈನ್ ಹಾಕ್ಬೇಕಾಗ್ತದೆ."

ಬಹುಪಾಲು ಸದಸ್ಯರು ಅವರ ಕಡೆಯವರು. ಸುಮ್ಮನೆ ಬೆದರಿಸುವ ಮಾತಾಗಿರಲಿಲ್ಲ ಅದು.

ಕನ್ನಡ ಅಂದರೆ ನನಗೂ ಪ್ರಾಣ. ಸಭೆಯಲ್ಲಿ ಆಡಿದ್ದು ಎಲ್ಲರಿಗೂ ತಿಳಿಯಬೇಕು ಎಂಬುದರಲ್ಲಿ ನ್ಯಾಯ ಇಲ್ಲ ಎಂದು ಹೇಗೆ ಹೇಳಲಿ? ಅರ್ಧ ಮನಸ್ಸು ಹೌದು ಅಂದಿತು. ಇನ್ನರ್ಧ, ಯಜಮಾನರಿಗೆ ಆ ಮಾತು ಅಕ್ಷರ ಅಕ್ಷರವೂ ಅರ್ಥವಾಗಿದೆಯಲ್ಲ, ಮತ್ತೆ ಯಾತರ ದೂರು, ಎಂದು ಕೇಳಿತು. ಮುಂದಿನ ತಿಂಗಳು ಸಾಲದ ವಿಷಯ ಹೇಳಲು ಬ್ಯಾಂಕಿನ ಹೊಸ ಮ್ಯಾನೇಜರ್ ಬಂದರು. ಉತ್ತರದ ಕಡೆಯವರು, ಒಂದಕ್ಷರ ಕನ್ನಡ ಇಲ್ಲ. ನಮ್ಮ ಯಜಮಾನರು ಎದ್ದು ನಿಂತು, "ಆಯಿಯೇ ಸಾಬ್, ಬೈಠಿಯೇ ಸಾಬ್" ಎಂದು ಮಾಡಿದ ಉಪಚಾರ ನೋಡಬೇಕಿತ್ತು. ಅಷ್ಟು ಹೊತ್ತೂ ಸಭೆ ಹಿಂದಿಯಲ್ಲಿ ನಡೆಯಿತು. ಅರ್ಧಕ್ಕರ್ಧ ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದೆ. ಮತ್ತೆ ಹೋದೆ, ಮತ್ತೆ ಬಂದೆ.

ಸಭೆ ಮುಗಿದ ಮೇಲೆ ಅಧ್ಯಕ್ಷೆಯನ್ನು ನನ್ನ ಸ್ಕೂಟಿಯಲ್ಲಿ ತಾಂಡಾದ ತಿರುವಿನವರೆಗೆ ಬಿಡುವುದು ರೂಢಿ. ಮೊದಲೆಲ್ಲ ಹಿಂದೆ ಕೂತು ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದವಳು ಈಚೆಗೆ ಮೌನ. ಅವಳಿಗೆ ಅತ್ತ ದರಿ, ಇತ್ತ ಪುಲಿ. ಆಫೀಸಿಗೆ ಬಂದ ತಾಂಡಾದವರಿಗೆ ಕುರ್ಚಿಯಿಂದ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಕನ್ನಡ ಬರುವವರು ಮುಖ ಸಿಂಡರಿಸುತ್ತಿದ್ದರು, ಬಾರದ ಮುದುಕಿಯರು ಬರುವುದನ್ನೇ ಬಿಟ್ಟಿದ್ದರು. "ಕುರ್ಚಿ ಸಿಕ್ಕಿದ ಮೇಲೆ ಸೊಕ್ಕು" ಎಂದು ಅವಳ ಓಣಿಯವರೇ ಆಡಿಕೊಂಡರಂತೆ.

ನನಗೆ ತಾಳ್ಮೆ ಎಲ್ಲಿಂದ ಬರಬೇಕು? ತಿರುವಿನಲ್ಲಿ ಗಾಡಿ ನಿಲ್ಲಿಸಿ, "ಬಿಟ್ಟು ಬಿಸಾಕು ಆ ಕುರ್ಚಿನ. ನಿನ್ನ ಮಾತು ನುಂಗ್ಕೊಂಡು ಅದರಲ್ಲಿ ಕೂತು ಏನಾಗ್ಬೇಕು?" ಅಂದೆ.

ಅವಳು ಇಳಿದು ಸೆರಗು ಸರಿಮಾಡಿಕೊಂಡಳು. "ನಾನು ಬಿಟ್ರೆ ತಾಂಡಾದವರು ಇನ್ನೊಬ್ಬರು ಅಲ್ಲಿಗೆ ಬರೋಕೆ ಎಷ್ಟು ವರ್ಷ ಬೇಕೋ ಅಕ್ಕ. ನೀರಿನ ಕೆಲ್ಸ ಒಂದು ಆಗ್ಲಿ."

ನೀರಿನ ಕೆಲಸ ಅಂದರೆ ಹೊಸ ಬೋರಲ್ಲ, ಟ್ಯಾಂಕಲ್ಲ. ತಾಂಡಾಕ್ಕೆ ನಲ್ಲಿ ಇತ್ತು. ಆದರೆ ನೀರುಗಂಟಿ ಬೆಳಗ್ಗೆ ಊರಿಗೆಲ್ಲ ಬಿಟ್ಟು ಮುಗಿಸಿ ಅವರಿಗೆ ವಾಲ್ವ್ ತಿರುಗಿಸುವಾಗ ಹತ್ತು ಗಂಟೆ. ಆ ಹೊತ್ತಿಗೆ ಹೆಂಗಸರೆಲ್ಲ ನಮ್ಮ ಮನೆಗಳಲ್ಲಿ ಕೊಬ್ಬರಿ ಒಡೆಯುತ್ತಿರುತ್ತಾರೆ. ನೀರು ಖಾಲಿ ಓಣಿಯಲ್ಲಿ ಹರಿದು ಹೋಗುತ್ತದೆ. ಸಂಜೆ ಬಂದವರು ಕೊಡ ಹಿಡಿದು ಯಾರದೋ ತೋಟದ ಬೋರಿಗೆ ಅಲೆಯಬೇಕು. ಹೊತ್ತು ಬದಲಿಸಿ, ಬೆಳಗ್ಗೆ ಆರಕ್ಕೆ ಬಿಡಿ ಎಂದು ಅವಳು ಎರಡು ಮೂರು ಸಭೆಗಳಲ್ಲಿ ಅಚ್ಚ ಕನ್ನಡದಲ್ಲೇ ಕೇಳಿದ್ದಳು. ನೋಡೋಣ, ಕರೆಂಟು ಸರಿಯಿಲ್ಲ, ನೀರುಗಂಟಿ ಒಬ್ಬನೇ ಎಂದು ಮುಂದಕ್ಕೆ ಹಾಕುತ್ತಲೇ ಬಂದರು.

ಆ ಸಲದ ಗ್ರಾಮಸಭೆ ತಾಂಡಾದಲ್ಲೇ ಆಗಲಿ ಎಂದು ಅವಳು ಹಟ ಹಿಡಿದಳು. ಗುಡಿಯ ಮುಂದೆ ಶಾಮಿಯಾನ, ಎದುರಿಗೆ ಜಮಖಾನ, ನಮಗೆಲ್ಲ ಕುರ್ಚಿ, ನಡುವೆ ಟರ್ಕಿ ಟವೆಲು ಹೊದಿಸಿದ್ದು ಅಧ್ಯಕ್ಷರದು. ಸಂವಿಧಾನದ ಪೀಠಿಕೆಯನ್ನು ಅವಳೇ ಓದಿಸಿದಳು. ಒಂದು ಕಡೆಯೂ ತಡವರಿಸಲಿಲ್ಲ. ಆದರೂ ಮೈಕಿನ ತಂತಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ನನ್ನ ಕಾಲಂತೂ ನಿಲ್ಲಲೇ ಇಲ್ಲ. ಅವತ್ತು ಮೊಣಕಾಲಿನ ಮೇಲೆ ಕೈಯಿಡಲು ಅವಳಿಗೆ ನೆನಪಾಗಲಿಲ್ಲ.

ಪಿಡಿಒ, "ನಿಮ್ಮ ಸಮಸ್ಯೆ ಹೇಳಿ" ಎಂದದ್ದಕ್ಕೆ ಒಬ್ಬ ಮುದುಕಿ ಎದ್ದಳು. ಯಜಮಾನರ ಮಂಡಿಯಲ್ಲಿ ಕೊಬ್ಬರಿ ಒಡೆದೊಡೆದು ಬೆನ್ನು ಬಾಗಿದವಳು. ಕೈಯಾಡಿಸಿ, ನಲ್ಲಿ ತೋರಿಸಿ, ಬಿಸಿಲು ತೋರಿಸಿ ಲಂಬಾಣಿಯಲ್ಲಿ ಹೇಳುತ್ತ ಹೋದಳು. ನೀರಿನ ವಿಷಯ ಎಂದು ನನಗೂ ತಿಳಿಯಿತು. ಮುಗಿಸಿ ಅಧ್ಯಕ್ಷೆಯ ಮುಖ ನೋಡಿದಳು.

ಅಧ್ಯಕ್ಷೆ ಮೈಕು ಹಿಡಿದು, "ನೋಡಜ್ಜಿ, ನೀರಿನ ವಿಷಯ..." ಎಂದು ಕನ್ನಡದಲ್ಲಿ ಶುರುಮಾಡಿ ಅಲ್ಲೇ ನಿಂತಳು. ಮುದುಕಿ ಕತ್ತು ಮುಂದೆ ಚಾಚಿ ಏನೋ ಕೇಳಿದಳು. ಅರ್ಥವಾಗಿಲ್ಲ ಎಂದಿರಬೇಕು. ಹಿಂದೆ ಕೂತವರು ಗುಸುಗುಸು ಶುರುಮಾಡಿದರು. ಯಜಮಾನರು ಮೀಸೆ ನೀವಿಕೊಳ್ಳುತ್ತ ಅಧ್ಯಕ್ಷೆಯನ್ನೇ ನೋಡುತ್ತಿದ್ದರು. ಲಂಬಾಣಿಯಲ್ಲಿ ಉತ್ತರ ಕೊಟ್ಟರೆ ಕುರ್ಚಿ ಹೋಗುತ್ತದೆ, ಕೊಡದಿದ್ದರೆ ತಾಂಡಾದಲ್ಲಿ ಅವಳ ಮುಖಕ್ಕೆ ಬೆಲೆ ಇರುವುದಿಲ್ಲ.

ಅವಳು ಮೈಕನ್ನು ಮೇಜಿನ ಮೇಲಿಟ್ಟಳು. ಎದ್ದಳು. ಚಪ್ಪಲಿ ಬಿಟ್ಟು ಕೆಳಗೆ ಹೋಗಿ ಜಮಖಾನದ ಮೇಲೆ ಮುದುಕಿಯ ಪಕ್ಕ ಕೂತಳು.

"ಏನು ತಾಯಿ ಇದು? ಅಧ್ಯಕ್ಷರೇ ಕೆಳಗೆ ಕೂತ್ರೆ ಸಭೆ ನಡ್ಸೋರು ಯಾರು?" ಅಂದರು ಯಜಮಾನರು.

"ಕುರ್ಚಿ ಅಲ್ಲೇ ಅದೆ ಯಜಮಾನ್ರೇ. ನೀವು ಹೇಳಿದ್ದು ಕುರ್ಚಿ ಮೇಲಿನ ಮಾತು ತಾನೇ? ನಾನು ಕೆಳಗೆ ಮಾತಾಡ್ತೀನಿ" ಎಂದು ಕನ್ನಡದಲ್ಲಿ ಹೇಳಿ, ಮುದುಕಿಯ ಕಡೆ ತಿರುಗಿ ಲಂಬಾಣಿಗೆ ಇಳಿದಳು. ಎಷ್ಟು ತಿಂಗಳಿಂದ ಕಟ್ಟಿಟ್ಟಿದ್ದ ಮಾತೋ. ಹೆಂಗಸರೆಲ್ಲ ಮೆಲ್ಲಮೆಲ್ಲಗೆ ಅವಳ ಸುತ್ತ ಸರಿದರು.

ಸಭೆ ನಿಲ್ಲಬಾರದು ಎಂದು ಯಜಮಾನರು ಹೋಗಿ ಆ ಟವೆಲಿನ ಕುರ್ಚಿಯಲ್ಲಿ ಕೂತರು. ಮೈಕು ಎಳೆದುಕೊಂಡು, "ಮುಂದಿನ ವಿಷಯ" ಅಂದರು. ಆಗ ಆ ಮುದುಕಿ ಎದ್ದು ನಿಂತು ನೇರವಾಗಿ ಅವರನ್ನೇ ಏನೋ ಕೇಳಿದಳು. ಮಂಡಿಯಲ್ಲಿ ದಿನಾ ಮಾತಾಡುವ ಯಜಮಾನರಲ್ಲವೇ, ಅವಳಿಗೇನು ಸಂಕೋಚ. ಇವರಿಗೂ ಇಷ್ಟು ವರ್ಷದ ರೂಢಿ. ಆ ದನಿ ಕಿವಿಗೆ ಬಿದ್ದ ಕೂಡಲೇ, ತಾವು ಎಲ್ಲಿ ಕೂತಿದ್ದೇವೆ ಎಂಬುದೇ ಮರೆತು, ಕೈಯಲ್ಲಿ ಮೈಕು ಹಿಡಿದುಕೊಂಡೇ ಲಂಬಾಣಿಯಲ್ಲಿ ಗದರಿಸಿ ಉತ್ತರ ಕೊಟ್ಟುಬಿಟ್ಟರು. ಇಡೀ ತಾಂಡಾಕ್ಕೆ ಕೇಳಿಸಿತು.

ಹಿಂದಿನ ಸಾಲಿನ ಗಂಡಸರು ಗೊಳ್ಳೆಂದು ನಕ್ಕರು. ಹೆಂಗಸರು ನಗಲಿಲ್ಲ.

ಪಿಡಿಒ ಪೆನ್ನು ಹಿಡಿದು, "ಉಪಾಧ್ಯಕ್ಷರು ಏನಂದ್ರು?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು?

"ನಾನು ಹೇಳ್ತೀನಿ, ಬರ್ಕೊಳ್ಳಿ ಸಾರ್" ಅಂದಳು ಅಧ್ಯಕ್ಷೆ, ಕೂತಲ್ಲಿಂದಲೇ. ದನಿ ಏರಿಸಲಿಲ್ಲ. "ಬೆಳಗ್ಗೆ ಆರಕ್ಕೇ ನೀರು ಬಿಟ್ರೆ ನೀವು ಹಿಡ್ಕೊಂಡು, ತುಂಬ್ಕೊಂಡು ಮಂಡಿಗೆ ಬರೋದು ಯಾವಾಗ, ನನ್ನ ಕೊಬ್ಬರಿ ಒಡೆಯೋದು ಯಾವಾಗ, ಅಂದ್ರು."

ಯಜಮಾನರ ಮುಖದ ಬಣ್ಣ ಇಳಿಯಿತು. ಇಷ್ಟು ದಿನ ಹೊತ್ತು ಬದಲಾಗದ್ದಕ್ಕೆ ಕಾರಣ ಕರೆಂಟೂ ಅಲ್ಲ, ನೀರುಗಂಟಿಯೂ ಅಲ್ಲ. ಅವರೊಬ್ಬರನ್ನೇ ಏನು ಅನ್ನಲಿ, ಬೆಳಗ್ಗೆ ನಮ್ಮ ಹಿತ್ತಲಿಗೂ ಆ ಹೆಂಗಸರು ಬೆಳಕು ಹರಿಯುವಾಗಲೇ ಬರಬೇಕು. ನಮ್ಮ ಸಾಲಿನ ಕುರ್ಚಿಗಳಲ್ಲಿ ಕೂತವರೆಲ್ಲ ಕೊಬ್ಬರಿ ಮನೆಯವರೇ. ನನಗೆ ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು, ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

"ಹೇಳಿ ಯಜಮಾನ್ರೇ, ಎಷ್ಟೊತ್ತಿಗೆ ಬಿಡ್ಸಾಣ?" ಎಂದು ಅವಳು ಕೇಳಿದಳು.

ಅವರು ಟವೆಲು ನೋಡಿದರು, ಮೈಕು ನೋಡಿದರು. "ಆರಕ್ಕೇ ಬುಡ್ಸಿ" ಎಂದು ಕನ್ನಡದಲ್ಲಿ ಹೇಳಿ ಎದ್ದು ತಮ್ಮ ಜಾಗಕ್ಕೆ ಹೋದರು.

ಅಧ್ಯಕ್ಷೆ ಮೇಲೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಕೆಳಗೆ ಇನ್ನೊಬ್ಬ ಮುದುಕಿ ಎದ್ದು ನಿಂತಳು, ಅವಳಿಗೂ ಕನ್ನಡ ಬಾರದು. ಅಧ್ಯಕ್ಷೆ ಈ ಸಲ ಇಳಿಯಲಿಲ್ಲ. ಕುರ್ಚಿಯಲ್ಲಿ ಕೂತೇ, ಮೈಕಿನಲ್ಲಿ, ಲಂಬಾಣಿಯಲ್ಲಿ ಅವಳ ಕಷ್ಟ ಕೇಳಿದಳು, ಲಂಬಾಣಿಯಲ್ಲೇ ಉತ್ತರ ಹೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ ಅದನ್ನೆಲ್ಲ ಕನ್ನಡದಲ್ಲಿ ಹೇಳಿದಳು. ಪಿಡಿಒ ಯಜಮಾನರ ಮುಖ ನೋಡದೆ ಅದನ್ನು ಬರೆದುಕೊಂಡರು.