ಒಳಗಿನ ಶನಿವಾರ

ನಮ್ಮ ಸಮೋವಾ ದ್ವೀಪದ ಸಲೆಲೊಲೊಗಾ ಹಡಗುಕಟ್ಟೆಯ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವ ಸೆಪೊರಾಗೆ ಒಂದು ಕೆಟ್ಟ ಚಾಳಿ. ಯಾರಾದರೂ 'ಆಗುವುದಿಲ್ಲ' ಎಂದರೆ ಸಾಕು, ಅವಳಿಗೆ ಊಟ ಸೇರುವುದಿಲ್ಲ. ನಲವತ್ತು ದಾಟಿದ ಹೆಂಗಸು, ಮದುವೆಯ ಗೋಜಿಗೆ ಹೋಗದೆ ಅಪ್ಪನ ಜೊತೆ ಇದ್ದಾಳೆ. ಊರಿನ ರೇಡಿಯೊ, ಫೋನು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ನೋಡಿದ್ದಾಳೆ. ಕೆಲವನ್ನು ಮತ್ತೆ ಜೋಡಿಸಿಯೂ ಇದ್ದಾಳೆ!

ಅಪ್ಪ ಇಸಾಯಾ ಊರ ಚರ್ಚಿನ ಹಾಡುಗಾರರ ಮೇಷ್ಟ್ರು. ಮಹಾ ಮುಂಗೋಪಿ. ಸ್ವರ ತಪ್ಪಿದವರ ಮೇಲೆ ಚಪ್ಪಲಿ ಎಸೆಯುವುದು ಅವನ ಪಾಠದ ಕ್ರಮ, ಗುರಿ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಚರ್ಚಿಗೆ ನೂರು ವರ್ಷ ತುಂಬುವ ಹಬ್ಬಕ್ಕೆಂದು ಹೊಸ ಹಾಡು ಕಟ್ಟಿ, ತನ್ನ ಹಳೆಯ ಕಂಪ್ಯೂಟರಿನಲ್ಲಿ ಸ್ವರ ಬರೆದಿಟ್ಟಿದ್ದ. ಮೊದಲರ್ಧವನ್ನು ಎಲ್ಲರಿಗೂ ಕಲಿಸಿದ್ದೂ ಆಗಿತ್ತು. ಅಷ್ಟರಲ್ಲಿ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಉಳಿದದ್ದು 'ಇಲ್ಲ' ಎಂಬ ಒಂದೇ ಪದ. ಊಟಕ್ಕೆ ಕರೆದರೆ ಇಲ್ಲ, ಚರ್ಚಿಗೆ ಹೋಗೋಣವೆಂದರೆ ಇಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ಆ ಹಾಡಿನ ಉಳಿದರ್ಧ ಸಿಕ್ಕರೆ ಅಪ್ಪ ಎದ್ದು ಕೂರುತ್ತಾನೆ, ಸಿಗದಿದ್ದರೆ ಹಾಗೇ ಮಲಗಿ ಹೋಗಿಬಿಡುತ್ತಾನೆ ಎಂದು ಸೆಪೊರಾಗೆ ಅನ್ನಿಸಿಬಿಟ್ಟಿತ್ತು. ಹಾಡೇನೋ ಕಂಪ್ಯೂಟರಿನಲ್ಲಿತ್ತು. ಆದರೆ ಸಮುದ್ರದ ಉಪ್ಪುಗಾಳಿಗೆ ಅದೂ ಅದೇ ತಿಂಗಳು ಕೆಟ್ಟು ಕೂತಿತು. ಬಿಚ್ಚಿ ನೋಡಿದರೆ ಒಳಗೆ ಹಲ್ಲಿ ಮೊಟ್ಟೆ ಇಟ್ಟಿದೆ! ಪುಣ್ಯಕ್ಕೆ ಡಿಸ್ಕು ಬದುಕಿತ್ತು. ಅದರಲ್ಲಿದ್ದ ಹಾಡಿನ ಫೈಲನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಬರೀ ಚೌಕಗಳು, ಪ್ರಶ್ನೆ ಚಿಹ್ನೆಗಳು.

"ಆ ಕಾಲದ ಪ್ರೋಗ್ರಾಮ್ ಈಗಿನ ವಿಂಡೋಸಲ್ಲಿ ನಡೆಯಲ್ಲ ಕಣೇ. ಸುಮ್ನೆ ತಲೆ ಕೆಡಿಸ್ಕೋಬೇಡ. ಆಗಲ್ಲ ಅದು," ಎಂದಳು ಅಂಗಡಿಯ ಒಡತಿ ಲೂಸಿಯಾ.

ಆಗಲ್ಲ! ಅಷ್ಟು ಸಾಕಾಯಿತು ಇವಳಿಗೆ. ಹೊಸ ಕಂಪ್ಯೂಟರಿನೊಳಗೆ ಒಂದು ಸುಳ್ಳು ಕಂಪ್ಯೂಟರನ್ನು ಕಟ್ಟಿ, ಅದರೊಳಗೆ ಹಳೆಯ ವಿಂಡೋಸನ್ನೇ ಓಡಿಸಬಹುದು ಎಂದು ಎಲ್ಲೋ ಓದಿಕೊಂಡಳು. ಅಪ್ಪನ ಡಿಸ್ಕನ್ನು ಇಡಿಯಾಗಿ ಒಂದೇ ಫೈಲು ಮಾಡಿ ಒಳಗೆ ಕೂರಿಸಿದಳು.

"ಮನೆಯೊಳಗೆ ಇನ್ನೊಂದು ಮನೆ ಕಟ್ತೀಯೇನೇ?" ಲೂಸಿಯಾ ನಕ್ಕಳು.

"ಹ್ಞೂಂ ಮತ್ತೆ. ಮನೆ ಬದಲಾಗಿದೆ ಅಂತ ಒಳಗಿರೋ ಮುದುಕ ವಿಂಡೋಸಿಗೆ ಗೊತ್ತಾಗಬಾರ್ದು, ಅಷ್ಟೆ."

ಮುದುಕನಿಗೆ ಗೊತ್ತಾಗಿಬಿಡುತ್ತಿತ್ತು. ಶುರು ಮಾಡಿದಾಗಲೆಲ್ಲ ಪರದೆ ಪೂರ್ತಿ ನೀಲಿಯಾಗಿ ನಿಂತುಬಿಡುತ್ತಿತ್ತು. ವಾರವೆಲ್ಲ ಹೀಗೇ ಕಳೆದು ಹಬ್ಬದ ಭಾನುವಾರ ಬಂದೇಬಿಟ್ಟಿತು. ಹೊಸ ಹಾಡಿನ ಆಸೆ ಬಿಟ್ಟು, ಸಂಜೆಯ ಪ್ರಾರ್ಥನೆಗೆ ಹಳೆಯದನ್ನೇ ಹಾಡುವುದೆಂದು ಎಲ್ಲರೂ ತೀರ್ಮಾನಿಸಿದ್ದರು.

ಬೆಳಗಿನ ಪ್ರಾರ್ಥನೆ ಮುಗಿದು, ಬಿಸಿಕಲ್ಲಿನ ಉಮು ಒಲೆಯಲ್ಲಿ ಬೆಂದ ಟ್ಯಾರೊ ಗೆಡ್ಡೆ, ತೆಂಗಿನಹಾಲು ತುಂಬಿದ ಎಲೆಯ ಪಲುಸಾಮಿ ತಿಂದು ಊರಿಗೆ ಊರೇ ನಿದ್ದೆಗೆ ಜಾರಿತ್ತು. ಸೆಪೊರಾ ಚಾಪೆಯ ಮೇಲೆ ಕೂತು, ಡಿಸ್ಕು ಹಳೆಯ ಪೆಟ್ಟಿಗೆಯಲ್ಲಿ ಯಾವ ತಂತಿಗೆ ಸಿಕ್ಕಿಸಿತ್ತೋ ಅದೇ ತರಹದ ತಂತಿಗೆ ಸಿಕ್ಕಿಸಿದೆ ಎಂದು ಸುಳ್ಳು ಕಂಪ್ಯೂಟರಿಗೆ ಹೇಳಿ ಗುಂಡಿ ಒತ್ತಿದಳು. ನೀಲಿ ಬರಲಿಲ್ಲ. ಅಪ್ಪನ ಹಳೆಯ ಪರದೆ ಬಂತು! ಅಪ್ಪ ಇಟ್ಟಿದ್ದ ಕಡೆಯೇ ಹಾಡಿನ ಫೈಲು ಕೂತಿತ್ತು. ಅದನ್ನು ಒತ್ತಿದಳು. ಸ್ವರಗಳು ಸಾಲಾಗಿ ನಿಂತವು, ಲ್ಯಾಪ್‌ಟಾಪು ಗಂಟಲು ಹರಿಯುವಂತೆ ಹಾಡತೊಡಗಿತು. ಸೆಪೊರಾ "ಬಂತು! ಅಪ್ಪಾ, ಬಂತು!" ಎಂದು ಕಿರುಚಿ ಎದ್ದು ಕುಣಿದಳು. ಗೋಡೆಯ ಕಡೆ ಮಲಗಿದ್ದ ಅಪ್ಪ ಮೆಲ್ಲಗೆ ಈ ಕಡೆ ಹೊರಳಿದ.

ನಮ್ಮ ಮನೆಗಳಿಗೆ ಗೋಡೆ ಇದ್ದರೆ ಒಂದು ಪಕ್ಕ, ಉಳಿದದ್ದೆಲ್ಲ ಬರೀ ಕಂಬ! ಊರೆಲ್ಲ ಎಚ್ಚರವಾಯಿತು. ಊರ ಹಿರಿಯ ತಾನುವಾಸಾ ಕೋಲು ಹಿಡಿದು ಬಂದೇಬಿಟ್ಟರು. ಹಾಡುಗಾರರಲ್ಲಿ ಎಲ್ಲರಿಗಿಂತ ದಪ್ಪ ದನಿ ಅವರದೇ, ಕೋಪವೂ ಅಷ್ಟೇ ದಪ್ಪ.

"ಏನೇ ಇದು ಗಲಾಟೆ? ಭಾನುವಾರ ಕೆಲಸ ಮಾಡ್ತಿದೀಯಾ? ಹಂದಿ ದಂಡ ತೆರಬೇಕಾಗುತ್ತೆ, ನೆನಪಿದೆಯೋ ಇಲ್ವೋ?"

ಸೆಪೊರಾ ಹಾಡಿನ ದನಿ ತಗ್ಗಿಸಲು ಬಗ್ಗಿದಳು. ಪರದೆಯ ಮೂಲೆಯಲ್ಲಿದ್ದ ವಾರ, ತಾರೀಕು ಕಣ್ಣಿಗೆ ಬಿತ್ತು. ನಮ್ಮ ಸಮೋವಾ ಅಂತರರಾಷ್ಟ್ರೀಯ ದಿನರೇಖೆಯ ಆಚೆ ಪಕ್ಕಕ್ಕೆ ಸರಿಯಲೆಂದು ಒಂದು ವರ್ಷ ಡಿಸೆಂಬರಿನಲ್ಲಿ ಇಡೀ ಶುಕ್ರವಾರವನ್ನೇ ಕೈಬಿಟ್ಟು ಗುರುವಾರದಿಂದ ಶನಿವಾರಕ್ಕೆ ಹಾರಿತಲ್ಲ, ಆ ಸುದ್ದಿಯನ್ನು ಹಳೆಯ ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಅದು ಅಂದಿನಿಂದಲೂ ಒಂದು ದಿನ ಹಿಂದೆಯೇ ಇತ್ತು.

"ಯಜಮಾನ್ರೇ, ಕನ್ನಡಕ ಹಾಕ್ಕೊಂಡು ನೀವೇ ನೋಡಿ. ಹೊರಗಡೆ ಭಾನುವಾರ, ಒಪ್ಪಿದೆ. ಒಳಗಡೆ ಇನ್ನೂ ಶನಿವಾರ. ನಾನು ಕೆಲಸ ಮಾಡ್ತಿರೋದು ಒಳಗಡೆ."

ತಾನುವಾಸಾ ಬಗ್ಗಿ ನೋಡಿದರು. ಲ್ಯಾಪ್‌ಟಾಪನ್ನೂ ನೋಡಿದರು, ಅವಳ ಮುಖವನ್ನೂ ನೋಡಿದರು. "ನಿನ್ನ ಬಾಯಿಗಿಷ್ಟು!" ಎಂದು ಕೋಲೆತ್ತಿದವರು ಅಲ್ಲೇ ತಡೆದರು. ದಪ್ಪ ದನಿಯ ಸಾಲೊಂದು ಬರುತ್ತಿತ್ತು.

"ತಾಳು... ಇದು ನಾನು ಹಾಡಬೇಕಾದ್ದಲ್ವಾ?"

"ನಿಮ್ದೇ. ಅಪ್ಪ ಕಲಿಸೋಕಾಗದೆ ಉಳಿದಿದ್ದು."

ಅವರು ಇಸಾಯಾನ ಕಡೆ ಒಮ್ಮೆ ನೋಡಿದರು. ಆಮೇಲೆ ಹೊರಗೆ ಬಂದು ಕೂಗಿದರು, "ಶನಿವಾರ ಅಂದ್ರೆ ಅಭ್ಯಾಸದ ದಿನ! ಗಂಟೆ ಬಾರಿಸ್ರೋ!"

ಯಾರೋ ಓಡಿಹೋಗಿ ಮರಕ್ಕೆ ನೇತುಹಾಕಿದ್ದ ಖಾಲಿ ಗ್ಯಾಸ್ ಸಿಲಿಂಡರನ್ನು ಢಣಢಣ ಬಾರಿಸಿದರು. ಹಾಡುಗಾರರು ಕಣ್ಣುಜ್ಜಿಕೊಂಡು ಬಂದರು. ಸೆಪೊರಾ ಒಬ್ಬೊಬ್ಬರ ಸಾಲನ್ನೂ ಬೇರೆ ಬೇರೆ ನುಡಿಸಿದಳು, ಅವರು ಕೇಳಿ ಕೇಳಿ ಹಿಡಿದರು. ಎಂಥಾ ಗಂಟಲುಗಳಪ್ಪಾ ನಮ್ಮವರದು!

ಸಂಜೆ ಇಸಾಯಾನನ್ನು ಕುರ್ಚಿಸಮೇತ ಹೊತ್ತು ತಂದು ಮುಂದೆ ಕೂರಿಸಿದರು. ಈ ಸಲ ಅವನು ಇಲ್ಲವೆನ್ನಲಿಲ್ಲ. ಹಾಡು ಶುರುವಾಯಿತು. ಮೊದಲರ್ಧ ಮುಗಿಯಿತು. ಉಳಿದರ್ಧ ಮೇಲೇರುವ ಜಾಗಕ್ಕೆ ಬಂದಾಗ ತಾನುವಾಸಾ ಹುರುಪಿನಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿಬಿಟ್ಟರು.

"ಇಲ್ಲ!"

ಎಡಗೈಯಿಂದ ಹಾರಿದ ಚಪ್ಪಲಿ ನೇರವಾಗಿ ಅವರ ಎದೆಗೇ ಬಡಿಯಿತು. ಹಾಡು ಗಕ್ಕನೆ ನಿಂತಿತು. ಪಾದ್ರಿಯೂ ಬೆಪ್ಪಾಗಿ ನೋಡುತ್ತಿದ್ದರು. ಸೆಪೊರಾಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

ತಾನುವಾಸಾ ಚಪ್ಪಲಿ ಎತ್ತಿಕೊಂಡು ಬಂದು, ಊರ ಹಿರಿಯರೆಂಬುದನ್ನೂ ಮರೆತು ನೆಲದ ಮೇಲೆ ಕೂತು, ಅದನ್ನು ಇಸಾಯಾನ ಕಾಲಿಗೆ ತೊಡಿಸಿದರು.

"ಎಲ್ಲಿಂದ ಹಾಡಲಿ, ಮೇಷ್ಟ್ರೇ?"

ಇಸಾಯಾನ ಎಡಗೈ ಮೇಲೆದ್ದಿತು.