ಮಲಾಡಿನ ಮದ್ರಾಸಿಬಾಯಿ

ಮಲಾಡಿನ ಚಾಳಿನಲ್ಲಿ ದಾನವ್ವನನ್ನು ‘ಮದ್ರಾಸಿಬಾಯಿ’ ಎಂದು ಕರೆದವರು ನಳದ ಮುಂದೆ ನಿಂತು ಭೂಗೋಳ ಕಲಿಯಬೇಕಿತ್ತು. “ನಮ್ಮದು ವಿಜಾಪುರ. ಇದೇ ಮುಂಬೈ ಸರಕಾರದಾಗ ಐತಿ. ಮದ್ರಾಸು ಯಾವ ದಿಕ್ಕಿಗೈತೋ ನಾ ಕಂಡಿಲ್ಲ,” ಎನ್ನುತ್ತ, ಕೊಡ ತುಂಬಿ ಹರಿದರೂ ಆಕೆ ಸರಿಯುತ್ತಿರಲಿಲ್ಲ. ಐವತ್ತರ ದಶಕದ ಆರಂಭದ ಆ ದಿನಗಳಲ್ಲಿ ವಿಜಾಪುರ ಇನ್ನೂ ಮುಂಬೈ ರಾಜ್ಯದಲ್ಲೇ ಇದ್ದುದರಿಂದ ಮಾತು ಸುಳ್ಳೂ ಆಗಿರಲಿಲ್ಲ. ಸಾಕ್ಷಿಗೆಂದು ಕಚ್ಚೆ ಸೀರೆ ಬಿಗಿದು, ಇಡೀ ಮಾಳಿಗೆಗೆ ಕೇಳುವಂತೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಂಡ ಶೆಟ್ಟೆಪ್ಪ ಒಮ್ಮೆ ಉಡುಪಿ ಹೋಟೆಲಿನಿಂದ ಇಡ್ಲಿ ಕಟ್ಟಿಸಿ ತಂದಾಗ ಯಾರ ಕಣ್ಣಿಗೂ ಬೀಳದಂತೆ ಬಾಗಿಲು ಹಾಕಿ ತಿನ್ನಿಸಿದಳು. ತಾನು ಮಾತ್ರ ಎದುರು ಖೋಲಿಯ ಕಚ್ಛ್ ಸೀಮೆಯವನನ್ನೂ ಮೇಲಿನ ಮಾರವಾಡಿಯನ್ನೂ ಸೇರಿಸಿ ‘ಗುಜರಾತಿ’ ಎನ್ನುತ್ತಿದ್ದಳು, ಅದು ಬೇರೆ ವಿಷಯ. ಒಂದು ಬೇಸಿಗೆ ಮೂಲೆಯ ಖೋಲಿಗೆ ಮದುವೆಯಾಗಿ ಬಂದ ತಮಿಳು ಹುಡುಗಿ ನಳದ ಬಳಿ ಕೂತು ಒಂದೇ ಸಮನೆ ಅಳತೊಡಗಿದಳು. ಹೆಂಗಸರು ಅವಳನ್ನು ದಾನವ್ವನ ಬಾಗಿಲಿಗೆ ಕರೆತಂದು, “ನಿಮ್ಮವಳು, ಏನಾಯಿತು ಕೇಳು,” ಎಂದರು. ಹಿಂದೆಯೇ ಭೂಗೋಳದ ಪಾಠಕ್ಕೂ ತಯಾರಾಗಿ ನಿಂತರು. ಹುಡುಗಿ ಹೇಳಿಕೊಂಡದ್ದರಲ್ಲಿ ದಾನವ್ವನಿಗೆ ‘ಅಮ್ಮಾ’ ಎಂಬುದೊಂದು ಬಿಟ್ಟು ಏನೂ ತಿಳಿಯಲಿಲ್ಲ. ಅವಳನ್ನು ಒಳಗೆಳೆದುಕೊಂಡು, “ನೀವು ನಡೀರಿ. ನಾವು ಮದ್ರಾಸಿ ಮಂದಿ ಏನರ ಮಾತಾಡ್ಕೋತೀವಿ,” ಎಂದು ಬಾಗಿಲು ಹಾಕಿಕೊಂಡಳು.